ಗುಲಾಬಿ ಬೀಜದ ಉಡಿ

ಬೀಜದ ಎರಡು ಪಾಕೀಟುಗಳನ್ನು ಕಂಬಳಿಯಲ್ಲಿ ಸುತ್ತಿ ಕಂಕುಳಲ್ಲಿ ಅವುಚಿಕೊಂಡು ಸಣ್ಣಪ್ಪ ಹಿತ್ತಿಲ ಬಾಗಿಲತ್ತ ಹೊರಟಿದ್ದ. ಹೆಂಡತಿ ಕಳಕಮ್ಮ ಎದುರಿಗೇ ಬಂದು ನಿಂತಳು.

“ಇಂಥಾ ಬಿಸಲಾಗ ಕಂಬಳಿ ಯಾಕ್ರಿ?”

“ಇಲಿ ಬೀಜ ಕಡದಾವು ಅಂತ... ಎತ್ತಿಡಾಕ ಹೊಂಟಿದ್ದೆ.”

“ನಿಮ್ಮ ತಂಗಿ ಮನ್ಯಾಗ ಇಲಿ ಇಲ್ಲೇನು?”

ಸಣ್ಣಪ್ಪ ಪೆಚ್ಚಾದ. ವಯಸ್ಸು ಅರವತ್ತು ದಾಟಿದರೂ ಅವನಿಗೆ ನೆಟ್ಟಗೆ ಒಂದು ಸುಳ್ಳು ಹೇಳಲು ಬರುತ್ತಿರಲಿಲ್ಲ. ಬೆಳಿಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ಸರದಿ ನಿಂತು, ತನ್ನ ಮೂರೆಕರೆಗೆಂದು ಗೋವಿನಜೋಳದ ನಾಲ್ಕು ಕಿಲೋದ ಆರು ಪಾಕೀಟು ರಿಯಾಯಿತಿ ದರದಲ್ಲಿ ತಂದಿದ್ದ. ಅದೇ ಸಾಲಿನಲ್ಲಿ ನಿಂತಿದ್ದ ತಂಗಿ ಭವಾನಿ ಬರಿಗೈಯಲ್ಲಿ ವಾಪಸಾಗಿದ್ದಳು. ಅವಳು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಉಳುವ ಒಂದೆಕರೆಯ ಪಹಣಿ ಕೊಪ್ಪಳದಲ್ಲಿರುವ ಧಣಿಯ ಹೆಸರಿನಲ್ಲಿತ್ತು. ಪಹಣಿ ಇಲ್ಲದವರಿಗೆ ರಿಯಾಯಿತಿಯೂ ಇಲ್ಲ. ಅಂಗಡಿಯಲ್ಲಿ ಕೇಳಿದರೆ ಹೆಚ್ಚುಕಡಿಮೆ ದುಪ್ಪಟ್ಟು ದರ. ಭವಾನಿ ಹೋದ ವರ್ಷದ ರಾಶಿಯ ಕಾಳನ್ನೇ ಹಸನು ಮಾಡಿಟ್ಟುಕೊಂಡು, ನಾಳೆ ಬಿತ್ತುತ್ತೇನೆ ಎಂದಿದ್ದಳು. ಹೈಬ್ರಿಡ್ ಕಾಳನ್ನು ಮತ್ತೆ ಬಿತ್ತಿದರೆ ತೆನೆಗಳು ಹಲ್ಲು ಬಿದ್ದ ಮುದುಕರ ಹಾಗೆ ಬರುತ್ತವೆ. ಬೆಳೆದದ್ದೆಲ್ಲ ಲಾವಣಿಗೇ ಹೋಗಿ ತಂಗಿಯ ಮನೆಗೆ ಏನೂ ಉಳಿಯುವುದಿಲ್ಲವೆಂಬುದು ಸಣ್ಣಪ್ಪನ ಸಂಕಟ.

“ನಾ ಬ್ಯಾಡ ಅಂತೀನಿ ಅಂದ್ಕೊಂಡ್ರೇನು?” ಕಳಕಮ್ಮ ಕಂಬಳಿ ಕಸಿದುಕೊಂಡಳು. “ಹೋದ ವರ್ಷ ಯೂರಿಯಾ ಚೀಲ ಕೊಟ್ಟು ಬಂದಿದ್ರೆಲ್ಲ, ಏನಾತು?”

ಏನಾಯಿತೆಂದು ಓಣಿಗೆಲ್ಲ ಗೊತ್ತಿತ್ತು. ಅದೇ ಚೀಲವನ್ನು ತಲೆಯ ಮೇಲೆ ಹೊತ್ತು ತಂದು, ಭವಾನಿ ಇವರ ಕಟ್ಟೆಯ ಮೇಲೆ ಇಳಿಸಿ ಹೋಗಿದ್ದಳು.

“ಕೈಯೊಡ್ಡಾಕಿ ಅಲ್ಲ ಆಕಿ. ಹೋಗಿ ಕರಕೊಂಡು ಬರ್ರಿ. ವೈನಿ ಉಡಿ ತುಂಬತಾಳಂತ, ಅಷ್ಟ ಹೇಳ್ರಿ.”

“ಮತ್ತ ನಮ್ಮ ಹೊಲಕ್ಕ ಬೀಜ ಕಮ್ಮಿ ಬೀಳ್ತಾವಲ್ಲ?”

“ಗುಡ್ಡದ ಕಡಿ ಎಕರೆಕ್ಕ ಸಜ್ಜಿ ಬಿತ್ರಿ. ಸಜ್ಜಿ ರೊಟ್ಟಿ ತಿಂದು ಎಷ್ಟ ದಿನ ಆತು!”

ಭವಾನಿ ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಹಿಡಿ ಅಕ್ಕಿಯ ಉಡಿಗೆಂದು ಬಂದಳು. ಅತ್ತಿಗೆ ಕಳಕಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿ ಸೆರಗು ಒಡ್ಡಿಸಿದಳು. ಎಲೆ, ಅಡಿಕೆ, ತೆಂಗಿನಕಾಯಿ, ಕುಪ್ಪಸದ ಖಣ ಬಿದ್ದವು. ಆಮೇಲೆ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ, ಸೇರಿನಲ್ಲಿ ತುಂಬಿ ತುಂಬಿ ಐದು ಸಲ ಸುರಿದಳು. ಔಷಧ ಸವರಿದ ಗುಲಾಬಿ ಬಣ್ಣದ ಬೀಜ.

“ವೈನಿ, ಏನಿದು!” ಭವಾನಿ ಏಳಹೋದಳು.

“ಏಳಬ್ಯಾಡ! ಅರ್ಧಕ್ಕ ಎದ್ರ ತವರಿಗೆ ಛಲೋ ಅಲ್ಲ.”

ಭವಾನಿ ಅಣ್ಣನನ್ನು ದುರುಗುಟ್ಟಿ ನೋಡಿದಳು. ಅಣ್ಣ ಮೇಲಿನ ಜಂತಿಯಲ್ಲಿ ಏನನ್ನೋ ಹುಡುಕುತ್ತಿದ್ದ. ತವರಿನವರು ಉಡಿಗೆ ಹಾಕಿದ್ದನ್ನು ಯಾವ ಹೆಣ್ಣುಮಗಳು ತಿರುಗಿ ಸುರಿಯುತ್ತಾಳೆ?

“ಇದು ಮೋಸ, ವೈನಿ.”

“ಹೌದವಾ, ಮೋಸ. ಆದ್ರ ತುಂಬಿ ಆತಲ್ಲ. ಬೀಜಕ್ಕ ವಿಷ ಸವರ್ಯಾರ, ಅದಕ್ಕ ಬೆಲ್ಲ ಹಾಕಿಲ್ಲ. ಬೆಲ್ಲದ್ದು ಬಾಕಿ ಇರಲಿ, ನಿನ್ನ ರಾಶಿ ದಿನ ನಾನ ಬಂದು ಕೊಡ್ತೀನಿ.”

ಭವಾನಿಯ ಕಣ್ಣು ತುಂಬಿ ಬಂತು. ಉಡಿಯಿಂದ ಒಂದು ಹಿಡಿ ಬೀಜ ತೆಗೆದು ಮಣೆಯ ಮೇಲಿಟ್ಟಳು. ತವರು ತುಂಬಿರಲಿ ಎಂದು ಉಡಿ ತುಂಬಿಸಿಕೊಂಡವಳು ಬಿಟ್ಟುಹೋಗುವ ಪಾಲು ಅದು. ಉಡಿಯನ್ನು ಒಪ್ಪಿಕೊಂಡಳು ಎಂದಾಯಿತು. ಸಣ್ಣಪ್ಪನಿಗೆ ಹೆಂಡತಿಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಮೂವತ್ತೈದು ವರ್ಷ ಹೇಳದ್ದನ್ನು ಈಗ ಹೇಗೆ ಹೇಳುವುದೆಂದು ತಿಳಿಯದೆ, ಎದ್ದು ಹೋಗಿ ಬೀಜದ ಔಷಧ ಮೆತ್ತಿದ್ದ ಅವಳ ಕೈಗೆ ತಾನೇ ನೀರು ಹಾಕಿದ.

ಎಂಟು ಕಿಲೋ ಬೀಜದ ಉಡಿಯನ್ನು ಎರಡೂ ಕೈಯಲ್ಲಿ ಆತುಕೊಂಡು, ನಿಧಾನವಾಗಿ ಒಂದೊಂದೇ ಹೆಜ್ಜೆ ಇಡುತ್ತ ಭವಾನಿ ಹೊಸ್ತಿಲು ದಾಟಿದಳು. ಎದುರುಮನೆಯ ಕಟ್ಟೆಯ ಮೇಲೆ ಬೇಳೆ ಆರಿಸುತ್ತ ಕೂತಿದ್ದ ಕಾಸೀಮಬೀ ಮೊರ ಬದಿಗಿಟ್ಟು ನಕ್ಕಳು.

“ಏನಬೇ ಭವಾನಿ, ಈ ವಯಸ್ಸಿನಾಗ! ಎಷ್ಟು ತಿಂಗಳು?”

ಭವಾನಿ ಭುಜಕ್ಕೆ ಕಣ್ಣೊರೆಸಿಕೊಂಡಳು. ಉಡಿಯನ್ನು ಇನ್ನಷ್ಟು ಹೊಟ್ಟೆಗೆ ಒತ್ತಿಕೊಂಡು, ಓಣಿಗೆಲ್ಲ ಕೇಳುವಂತೆ ಅಂದಳು:

“ನಾಳೆ ಬಿತ್ತಿದ್ರ ನಾಕ ತಿಂಗಳಿಗೆ ಹಡಿತೀನಿ, ಕಾಸೀಮಬೀ. ಪಹಣಿ ಯಾರ ಹೆಸರಿಲೆ ಇದ್ರೂ, ಕೂಸು ನಂದ!”