ಮುಂದಿನ ತಿಂಗಳ ಕಾರ್ಡು

ಹೆಣ್ಣು ನೋಡಿ ಬಂದ ಮರುದಿನವೇ ಶ್ರೀವತ್ಸ ಮೇದಿನಿಯನ್ನು ಕಂಪ್ಯೂಟರ್ ಅಂಗಡಿಗೆ ಕರೆತಂದಿದ್ದ. ಇಬ್ಬರೂ ಒಂದಿಷ್ಟು ಮಾತಾಡಿಕೊಳ್ಳಲಿ ಎಂದು ಹಿರಿಯರೇ ಕಳಿಸಿದ್ದರು. ಅವಳನ್ನು ಅವನು ನೋಡಿದ ಕೂಡಲೇ ಒಪ್ಪಿಬಿಟ್ಟಿದ್ದ. ಉತ್ತರ ಬರಬೇಕಿದ್ದದ್ದು ಅವಳ ಕಡೆಯಿಂದ. ಆ ಚಡಪಡಿಕೆಯಲ್ಲಿ ಅವನ ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ.

ಹೊಸ ಕಂಪ್ಯೂಟರ್ ಜೋಡಿಸಿಕೊಳ್ಳಲೆಂದು ಗಾಜಿನ ಬದಿಯ ಕ್ಯಾಬಿನೆಟ್ ಒಂದನ್ನು ತೆಗೆಸಿದ, ಬೇಡವೆಂದ. ಎರಡು ಪ್ರೊಸೆಸರ್ ಡಬ್ಬಗಳನ್ನು ಅಕ್ಕಪಕ್ಕ ಹಿಡಿದು ನೋಡಿದ, ಎರಡನ್ನೂ ಕೆಳಗಿಟ್ಟ.

“ಯುಗಾದಿಯಿಂದ ಬರ್ತಾನೇ ಇದ್ದೀರಿ ಸಾರ್,” ಅಂಗಡಿಯವನು ನಿಟ್ಟುಸಿರುಬಿಟ್ಟ. “ಈ ಗ್ರಾಫಿಕ್ಸ್ ಕಾರ್ಡ್ ಹಾಕ್ಸಿ, ನೀವು ಹೇಳಿದ ಗೇಮ್‌ಗಳೆಲ್ಲ ಸಲೀಸಾಗಿ ಓಡ್ತವೆ.”

ಮೇದಿನಿ ಕಾರ್ಡಿನ ಡಬ್ಬವನ್ನು ತಿರುಗಿಸಿ ನೋಡಿದಳು. “ಚೆನ್ನಾಗೇ ಇದೆಯಲ್ಲ. ಏನು ತೊಂದ್ರೆ ಇದ್ರಲ್ಲಿ?”

“ತೊಂದ್ರೆ ಏನಿಲ್ಲ.”

“ಮತ್ತೆ? ತಗೊಂಡ್ಬಿಡಿ.”

ತನ್ನ ಜಾಣತನ ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು ಅನ್ನಿಸಿತು ಅವನಿಗೆ. “ಅಲ್ಲೇ ರೀ ಎಲ್ಲರೂ ಎಡವೋದು. ಆತುರ ಬೀಳಬಾರದು. ಮುಂದಿನ ತಿಂಗಳು ಇದಕ್ಕಿಂತ ಒಳ್ಳೇದು ಬಂದೇ ಬರುತ್ತೆ. ಆಮೇಲೆ ಕೈ ಕೈ ಹಿಸುಕಿಕೊಂಡ್ರೆ ಏನು ಬಂತು?”

“ಹೌದಲ್ವಾ,” ಅಂದಳು ಅವಳು. ನಿಜಕ್ಕೂ ಯೋಚನೆಗೆ ಬಿದ್ದವಳಂತೆ ಕಂಡಳು. ಅವನಿಗೆ ಒಳಗೊಳಗೇ ಹಿಗ್ಗು.

ಅಷ್ಟರಲ್ಲಿ ಅವಳ ಅಪ್ಪನ ಫೋನ್ ಬಂತು. ಅವರದು ದೊಡ್ಡ ಗಂಟಲು, ಮಾತು ಇಡೀ ಅಂಗಡಿಗೆ ಕೇಳಿಸಿತು: “ಏನಮ್ಮಾ, ಹುಡುಗ ಒಪ್ಪಿಗೆ ತಾನೇ? ಅವರ ಮನೆಯವ್ರಿಗೆ ಏನು ಹೇಳ್ಲಿ?”

ಅವಳು ಡಬ್ಬವನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟಳು.

“ತೊಂದ್ರೆ ಏನಿಲ್ಲಪ್ಪ. ಆದ್ರೂ ಆತುರ ಬೇಡ. ಮುಂದಿನ ತಿಂಗಳು ಇದಕ್ಕಿಂತ ಒಳ್ಳೇ ಸಂಬಂಧ ಬಂದೇ ಬರುತ್ತಂತೆ.”