ಮೂವತ್ತು ಎಣಿಸುವ ತನಕ

ಬ್ರೇಕ್ ಆಯಿಲ್ ವಾಸನೆ ಬಂದರೆ ಇಂದಿಗೂ ಗೋಕಾಕದ ನಮ್ಮ ಅಂಗಳದ ಆ ಮಧ್ಯಾಹ್ನ ನೆನಪಾಗುತ್ತದೆ. ತವರಿಗೆ ಹೋಗಿದ್ದ ಅವ್ವನನ್ನು ಕರೆತರಲು ಅಪ್ಪ ಹಳೆಯ ಕಾರಿನಲ್ಲಿ ಸಂಕೇಶ್ವರಕ್ಕೆ ಹೊರಟಿದ್ದ. ಬ್ರೇಕ್ ಮೆತ್ತಗೆನಿಸಿತೆಂದು ನನ್ನನ್ನು ಸೀಟಿನಲ್ಲಿ ಕೂರಿಸಿ, ಗಾಲಿಗಳ ಬಳಿ ಎಣ್ಣೆ ಸೋರುತ್ತಿದೆಯೇ ಎಂದು ಬಗ್ಗಿ ನೋಡಿದ.

“ಮೂವತ್ತು ಎಣಿಸೂತನಕ ಪೆಡಲ್ ಒತ್ತಿ ಹಿಡಿ ಮಗಳ. ಅದು ತಾನ ಕೆಳಗ ಇಳದ್ರ ಇವತ್ತ ಗಾಡಿ ತಗಿಯೂದಿಲ್ಲ.”

ಇಪ್ಪತ್ತು ಎಣಿಸುವಷ್ಟರಲ್ಲಿ ಪೆಡಲ್ ನನ್ನ ಕಾಲಡಿ ಮೆಲ್ಲಗೆ ಇಳಿಯಿತು. ಅವ್ವನನ್ನು ನೋಡಿ ಹದಿನೈದು ದಿನವಾಗಿತ್ತು.

“ಎಲ್ಲೂ ಸೋರಿಲ್ಲ. ಪೆಡಲ್ ಇಳೀತೇನ?”

“ಇಲ್ಲಪ್ಪಾ, ಗಟ್ಟಿ ಐತಿ.”

“ಭೇಷ್! ನಿಮ್ಮವ್ವ ಬರೂದ್ರಾಗ ತಲಿ ಬಾಚ್ಕೊ, ಇಲ್ಲಂದ್ರ ನನಗ ಬೈತಾಳ.”

ನಾನು ತಲೆ ಬಾಚಿಕೊಂಡು ಕಟ್ಟೆಯ ಮೇಲೆ ಕಾದೆ. ಹೋಗುವಾಗಲೇ ಹುಕ್ಕೇರಿಯಾಚೆಯ ಇಳಿಜಾರಿನಲ್ಲಿ ಕಾರು ನಿಲ್ಲಲಿಲ್ಲವಂತೆ. ಸಂಜೆ ಅಪ್ಪನ ದೇಹದೊಂದಿಗೆ ಅವ್ವ ಬಂದಳು. ನನ್ನ ಜಡೆಯನ್ನು ಅವಳು ನೋಡಲೇ ಇಲ್ಲ.