ಶುಕ್ರವಾರಕ್ಕೇ ಮುಟ್ಟಿದ ಗಾಡಿ

ಮೆಕ್ಯಾನಿಕ್ ದ್ಯಾಮಣ್ಣ ಟೂ-ಸ್ಟ್ರೋಕ್ ಎಂಜಿನ್ನಿನ ಸಿಲಿಂಡರನ್ನು ಒಂದು ನೂಲೆಳೆಯಷ್ಟು ಕೊರೆದು ಅಗಲ ಮಾಡಿಕೊಟ್ಟರೆ ಗಾಡಿ ಹೊರಡುವುದಕ್ಕಿಂತ ಮೊದಲೇ ಊರು ಮುಟ್ಟುತ್ತಿತ್ತು. ಮದುವೆ ಊಟ ತಪ್ಪಿದವರೆಲ್ಲ ಅವನ ಗ್ಯಾರೇಜಿಗೇ ಬರುತ್ತಿದ್ದರು.

ಭಾನುವಾರ ಗುಡ್ಡದ ರೇಸು. ಮೂರು ವರ್ಷದಿಂದ ತನ್ನ ಹೆಂಡತಿಯ ಅಣ್ಣ ನೀಲಪ್ಪನೇ ಕಪ್ ಒಯ್ಯುತ್ತಿದ್ದನೆಂದು ಯಮನೂರಪ್ಪ ಅಂದು ಬೆಳಿಗ್ಗೆಯೇ ತನ್ನ ನಾಲ್ಕು ಗಾಲಿಯ ಎಟಿವಿ ಬೈಕು ತಂದು ನಿಲ್ಲಿಸಿದ.

"ಈ ಸಲಾನೂ ಸೋತ್ರ ಅಕಿ ನನಗ ಚಾ ಸೈತ ಕೊಡಂಗಿಲ್ಲೋ ದ್ಯಾಮಣ್ಣ."

ದ್ಯಾಮಣ್ಣ ಎರಡು ನೂಲು ಕೊರೆದು, ಪೆಟ್ರೋಲಿಗೆ ಆಯಿಲ್ ಕಲಸಿ ಕೊಟ್ಟ. ಯಮನೂರಪ್ಪ ಕಿಕ್ ಹೊಡೆದು ಮಾಯವಾದ. ಹೊಗೆ ಆರುವ ಮೊದಲೇ, ಎರಡು ದಿನದ ಗಡ್ಡ ಹೊತ್ತು ಹಿಂದಿನಿಂದ ನಡೆದು ಬಂದ.

"ಮೊನ್ನೆ ಶುಕ್ರವಾರಕ್ಕ ಗುಡ್ಡ ಮುಟ್ಟಿದ್ನೋ ಮಾರಾಯ."

"ಮತ್ತ ಗೆದ್ದೀ ಅಲ್ಲ?"

"ಎಲ್ಲಿ ಗೆಲ್ಲೂದು? ನೀಲಪ್ಪ ಬುಧವಾರದಿಂದ ಅಲ್ಲೇ ಮಿರ್ಚಿ ತಿನ್ಕೋತ ಕುಂತಾನ. ಅವನ ಗಾಡಿ ಯಾವ ಪುಣ್ಯಾತ್ಮ ಮಾಡಿದ್ನೋ."

ದ್ಯಾಮಣ್ಣ ಕೈಗೆ ಹತ್ತಿದ ಗ್ರೀಸ್ ಒರೆಸಿಕೊಂಡ.

"ನಾ ಇನ್ನೂ ಮಾಡಿಲ್ಲಪ. ನಾಳೆ ತರ್ತೀನಿ ಅಂದಾನ."